ಎತ್ತಿನ ಹಣೆ

ಜಯನಗರದ ನಮ್ಮ ಡಿಸೈನ್ ಆಫೀಸಿನಲ್ಲಿ ಇರುವುದನ್ನು ಅಳಿಸುತ್ತೇವೆ, ಆಮೇಲೆ ಅಳಿಸಿದ್ದು ಯಾಕೆ ಒಳ್ಳೆಯದಾಯಿತು ಎಂದು ವಿವರಿಸುತ್ತೇವೆ. ಟ್ರ್ಯಾಕ್ಟರ್ ಕಂಪನಿಯೊಂದು ತನ್ನ ಲೋಗೊ ಬೆಳೆದು ಬಂದ ಕಥೆಯನ್ನು ದೊಡ್ಡ ಪೋಸ್ಟರ್ ಆಗಿ ಮಾಡಿಕೊಡಿ ಎಂದು ಬಂದಾಗ ಆ ಕೆಲಸ ನನ್ನ ತಲೆಗೆ ಕಟ್ಟಿದರು. ಉತ್ತರಹಳ್ಳಿಯ ಹುಡುಗಿ, ಮನೆಯಲ್ಲಿ ಅದೇ ಕಂಪನಿಯ ಹಳೇ ಟ್ರ್ಯಾಕ್ಟರ್ ಬೇರೆ ಇದೆ. ಇನ್ನೇನು ಬೇಕು ಅರ್ಹತೆ!

ಕಥೆ ಇಷ್ಟೇ. ಮೊದಲ ಲೋಗೊದಲ್ಲಿ ಇಡೀ ಎತ್ತು ಇತ್ತು, ಡುಬ್ಬ, ಬಾಲ, ಗೊರಸು ಸಮೇತ. ಆಮೇಲೆ ಯಾರೋ ಬುದ್ಧಿವಂತರು ಮೈ ತೆಗೆದು ಮುಖ ಮಾತ್ರ ಉಳಿಸಿದರು. ಅವರಿಗಿಂತ ಬುದ್ಧಿವಂತರು ಬಂದು ಮುಖವನ್ನೂ ತೆಗೆದು ಎರಡು ಕೊಂಬು ಬಿಟ್ಟರು. ಈಗಿನದು ಬರೀ ಒಂದು ಬಾಗಿದ ಗೆರೆ. ಅದರಲ್ಲಿ ಭೂಮಿ, ಭವಿಷ್ಯ, ರೈತನ ನಗು ಎಲ್ಲವೂ ಇದೆಯಂತೆ. ನನಗೆ ಕಂಡಿದ್ದು ತಿಂದು ಬಿಸಾಕಿದ ಕಲ್ಲಂಗಡಿ ಸಿಪ್ಪೆ.

ಮೊದಲ ಲೋಗೊದ ಹಿತ್ತಾಳೆ ಬಿಲ್ಲೆ ಕಂಪನಿಯ ಹತ್ತಿರವೇ ಇರಲಿಲ್ಲ. ಅದು ನಮ್ಮ ಟ್ರ್ಯಾಕ್ಟರಿನ ಮುಂಭಾಗದಲ್ಲಿತ್ತು. ಆ ಟ್ರ್ಯಾಕ್ಟರ್ ಈಗ ಉಳುವುದಿಲ್ಲ, ಉಳಲು ನೆಲವೆಲ್ಲಿದೆ? ನಮ್ಮ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಎಳೆಯುತ್ತದೆ.

"ಬಿಲ್ಲೆ ಬಿಚ್ಚಿಸ್ಕೊಂಡು ಬನ್ನಿ ಮೇಡಂ, ಶೋರೂಮಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಬದಲಿಗೆ ಹೊಸ ಲೋಗೊ ಫ್ರೀಯಾಗಿ ಹಾಕ್ಕೊಡ್ತಾರೆ," ಎಂದರು ನಮ್ಮ ಬಾಸು. ಎಂಥ ದೊಡ್ಡ ಮನಸ್ಸು!

ಅಮ್ಮನಿಗೆ ಹೇಳಿದೆ. ಟ್ರ್ಯಾಕ್ಟರ್ ತರುವ ಮುಂಚೆ ಮನೆಯ ಜೋಡಿ ಎತ್ತುಗಳನ್ನು ಮಾರಿದ್ದರು. ಅಮ್ಮ ಊಟ ಬಿಟ್ಟು ಕೂತಿದ್ದಳಂತೆ. ಸಮಾಧಾನ ಹೇಳಿ ಅಭ್ಯಾಸವಿಲ್ಲದ ಅಪ್ಪ ಬಿಲ್ಲೆ ತೋರಿಸಿ, "ಎಲ್ಲೋಯ್ತು ಎತ್ತು? ಇಲ್ಲೇ ಐತಲ್ಲ ನೋಡು," ಎಂದಿದ್ದರಂತೆ. ಅವಳು ನಂಬಿಬಿಟ್ಟಳು. ಅಂದಿನಿಂದ ಪ್ರತಿ ಶುಕ್ರವಾರ ಆ ಹಿತ್ತಾಳೆ ಎತ್ತಿನ ಹಣೆಗೆ ಕುಂಕುಮ ಇಡುತ್ತಾಳೆ.

"ಎತ್ತು ಒಂದ್ಸಲ ಕೊಟ್ಟಿದ್ದು ಸಾಕು ಕಣೇ. ಇದನ್ನ ಕೊಡಲ್ಲ," ಎಂದಳು.

ಕೊನೆಗೆ ಬಿಲ್ಲೆಯ ಫೋಟೊ ತೆಗೆದು, ಆಫೀಸಿನಲ್ಲಿ ಫೋಟೊ ತಿದ್ದುವವರಿಗೆ ಕೊಟ್ಟೆ. ನಾಲ್ಕೂ ಲೋಗೊ ಸಾಲಾಗಿದ್ದ ಪೋಸ್ಟರ್ ಅಚ್ಚಾಗಿ ಬನಶಂಕರಿಯ ಶೋರೂಮಿನ ಗೋಡೆ ಏರಿತು. ತನ್ನ ಎತ್ತು ನೋಡಬೇಕೆಂದು ಅಮ್ಮ ಶುಕ್ರವಾರವೇ ಹೊರಟಳು. ದಾರಿಯಲ್ಲಿ ದೇವಸ್ಥಾನಕ್ಕೆ ಹೋಗಿ, ಪ್ರಸಾದದ ಕುಂಕುಮ ಕಾಗದದಲ್ಲಿ ಕಟ್ಟಿಕೊಂಡು ಶೋರೂಮಿಗೆ ಬಂದೆವು. ಪೋಸ್ಟರಿನ ಮುಂದೆ ನಿಂತವಳ ಮುಖ ಬಾಡಿತು.

"ಹಣೆ ಯಾರೇ ಒರೆಸಿದ್ದು?"

ಆಗಲೇ ನಾನೂ ನೋಡಿದ್ದು. ನಮ್ಮ ಆಫೀಸಿನವರು ಫೋಟೊದಿಂದ ಧೂಳು ತೆಗೆದಿದ್ದರು, ಗೀರು ತೆಗೆದಿದ್ದರು, ಜೊತೆಗೆ ಕುಂಕುಮವನ್ನೂ. ಶೋರೂಮಿನ ಮ್ಯಾನೇಜರ್ ನಗುತ್ತಾ ಬಂದು, "ಅಲ್ಲೇನೋ ಕಲೆ ಇತ್ತಮ್ಮ, ಕ್ಲೀನ್ ಮಾಡ್ಸಿದಾರೆ. ಈಗ ಸಖತ್ತಾಗಿದೆ," ಎಂದರು.

ಅಮ್ಮ ಪೊಟ್ಟಣ ಬಿಚ್ಚಿ, ಪೋಸ್ಟರಿನ ಎತ್ತಿನ ಹಣೆಗೆ ಕುಂಕುಮ ಒತ್ತಿದಳು. "ಅಯ್ಯೋ, ಪ್ರಿಂಟು ಹಾಳಾಗುತ್ತೆ ಅಮ್ಮ!" ಎಂದು ಮ್ಯಾನೇಜರ್ ಕೈ ಚಾಚಿದರು. ಅಷ್ಟರಲ್ಲಿ ಅವಳು ಮುಂದಿನ ಚಿತ್ರಕ್ಕೆ ಹೋಗಿದ್ದಳು. ನಾಲ್ಕು ಜನ ಇದ್ದ ಕಡೆ ಒಬ್ಬರಿಗೆ ಕುಂಕುಮ ಕೊಟ್ಟು ಉಳಿದವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಬರೀ ಮುಖದ ಎತ್ತಿಗೆ ಹಣೆಯ ಮೇಲಿಟ್ಟಳು. ಬರೀ ಕೊಂಬಿನದಕ್ಕೆ ಎರಡು ಕೊಂಬಿನ ನಡುವೆ ಅಂದಾಜಿನಲ್ಲಿ ಇಟ್ಟಳು. ಕೊನೆಯ ಗೆರೆಯ ಮುಂದೆ ಬೆರಳು ಹಾಗೇ ನಿಂತಿತು.

"ಇದಕ್ಕೆ ಎಲ್ಲಿಡ್ಲಪ್ಪಾ?"

ಭೂಮಿ, ಭವಿಷ್ಯ, ರೈತನ ನಗು ಎಂದು ಎಲ್ಲವನ್ನೂ ಬಾಯಿಪಾಠ ಮಾಡಿದ್ದ ಮ್ಯಾನೇಜರ್ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತೋರಿಸಲು ಅವರಿಗೆ ಜಾಗ ಸಿಗಲಿಲ್ಲ.

"ಪಾಪ," ಎಂದು ಅಮ್ಮ ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೇ ಇಟ್ಟುಕೊಂಡಳು.