ಕುಸುಮತ್ತೆಯ ಉಲ್ಟಾ ಕ್ಯಾಮೆರಾ

ಕುಸುಮತ್ತೆ ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದಳು. ಹಿಡಿಯಲು ಬಾರದೆ ಅಲ್ಲ. ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಅವಳಷ್ಟು ವರ್ಷ ಫಿಲ್ಮ್ ಕ್ಯಾಮೆರಾ ಹಿಡಿದ ಹೆಂಗಸು ಇನ್ನೊಬ್ಬಳಿರಲಾರಳು. ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು, ಕ್ಯಾಮೆರಾದ ಗುಂಡಿಯೋ ಬಲಗಡೆಯೇ ಇತ್ತು. ಎಡಗೈಯಲ್ಲಿ ಒತ್ತಬೇಕೆಂದರೆ ಕ್ಯಾಮೆರಾವನ್ನೇ ಉಲ್ಟಾ ಮಾಡಬೇಕು. ಅವಳು ಮಾಡಿದಳು.

ನನ್ನ ಅಪ್ಪನ ತಂಗಿ ಅವಳು. ಧಾರವಾಡದಲ್ಲಿ ಹುಟ್ಟಿ, ತೆಲುಗು ಮನೆಗೆ ಸೊಸೆಯಾಗಿ ಹೋದವಳು. ಗಂಡನ ಮನೆಯವರದು ಮಂಗಳಗಿರಿ ಸೀರೆಗಳ ಸಗಟು ಅಂಗಡಿ. ಹೊಸ ಸೀರೆ ಬಂದರೆ ಅಂಚು, ಸೆರಗಿನ ಫೋಟೋ ತೆಗೆದು ದೂರದ ವ್ಯಾಪಾರಿಗಳಿಗೆ ಕಳಿಸುತ್ತಿದ್ದರು. ತೆಗೆಯುತ್ತಿದ್ದವಳು ಅತ್ತೆ. ಅವಳ ಬೆರಳು ಕೂರುವ ಕಡೆ ಕ್ಯಾಮೆರಾದ ಕಪ್ಪು ತೊಗಲು ಸವೆದು ನುಣುಪಾಗಿತ್ತು, ಗುಂಡಿಯ ಸುತ್ತ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಅದನ್ನು ನಾನು ಹಿಡಿದರೆ ಇನ್ನೊಬ್ಬರ ಚಪ್ಪಲಿ ಮೆಟ್ಟಿದ ಹಾಗಾಗುತ್ತಿತ್ತು.

"ಹಂಗ ಬಿಗಿ ಹಿಡೀಬ್ಯಾಡವಾ ಸುಧಾ. ಕೂಸಿನ್ನ ಎತ್ತಿಕೊಂಡಂಗ ಹಿಡಕೋ. ಭಾರ ಎಲ್ಲಾ ಅಂಗೈಮ್ಯಾಲಿರಲಿ, ಬೆರಳು ಹಗುರ ಇರಲಿ," ಎನ್ನುತ್ತಿದ್ದಳು.

ಅವಳಿಗೆ ಪಾರ್ಶ್ವವಾಯು ಬಡಿದಾಗ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು, ದ್ವಾರಕಾ ನಗರದ ಬ್ಯಾಂಕಿಗೆ. ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿದು ರೈಲು ಹತ್ತಿ ಹೋದೆ. ಅವಳ ಮಗ ಶ್ರೀನು ಆಗಲೇ ಕ್ಯಾಮೆರಾವನ್ನು ಒರೆಸಿ, ಕೊಂಡಪಲ್ಲಿ ಗೊಂಬೆಗಳ ಪಕ್ಕ ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದ. ಕೆಟ್ಟವನಲ್ಲ ಅವನು. ಅಮ್ಮ ಅದನ್ನು ನೋಡಿ ಕೊರಗಬಾರದೆಂದು ಹೊಸ ಫೋನನ್ನೂ ತಂದಿದ್ದ.

ಅತ್ತೆ ಫೋನನ್ನು ಎಡಗೈಯಲ್ಲಿ ಹಿಡಿದು ನೋಡಿದಳು. ಹಿಡಿದರೆ ಒತ್ತಲು ಬೆರಳಿಲ್ಲ, ಒತ್ತಹೋದರೆ ಹಿಡಿತವಿಲ್ಲ. "ಸಾಬಾಣ ಇದ್ದಂಗ ಜಾರತೈತಿ ಇದು. ಹಿಡ್ಕೊಳ್ಳಾಕ ಎಲ್ಲಿ ಜಾಗಾ ಐತಿ? ನನ್ನ ಕ್ಯಾಮೆರಾ ತೆಗಿ."

"ಅಮ್ಮಾ, ಆ ಕೈಲಿ ಆಗಲ್ಲ ಕದಾ," ಎಂದ ಶ್ರೀನು. ಕನ್ನಡ ಅವನಿಗೆ ಅಮ್ಮನ ಹತ್ತಿರ ಮಾತ್ರ.

"ಈ ಕೈ ಐತೆಲ್ಲೋ! ಬೇಕಾದ್ರ ನನ್ನ ಆ ಶೋಕೇಸಿನ್ಯಾಗ ಕುಂಡ್ರಸು. ಅದನ್ನ ಇಡಬ್ಯಾಡ."

ಬೀಗ ತೆಗೆಯುವವರೆಗೂ ಅವಳು ಊಟಕ್ಕೇಳಲಿಲ್ಲ. ಆಮೇಲೆ ರೀಲಿಲ್ಲದ ಕ್ಯಾಮೆರಾ ಹಿಡಿದು ದಿನವಿಡೀ ಅಭ್ಯಾಸ. ಉಲ್ಟಾ ಮಾಡಿ, ಅದರ ನೆತ್ತಿಯ ಮೇಲಿನ ಗೂನನ್ನು ಮರಗಟ್ಟಿದ ಬಲಮುಂಗೈ ಮೇಲೆ ಆನಿಸಿ, ಎಡ ಹೆಬ್ಬೆರಳಿನಿಂದ ಕೆಳಗಿನಿಂದ ಗುಂಡಿ ಒತ್ತುವುದು. ಲೆನ್ಸ್ ತಿರುಗಿಸಲು ಇನ್ನೊಂದು ಕೈ ಬೇಕಲ್ಲ? ಫೋಕಸನ್ನು ಮೊದಲೇ ಒಂದು ದೂರಕ್ಕೆ ಇಟ್ಟುಬಿಟ್ಟು, ಕಾಲೆಳೆಯುತ್ತ ತಾನೇ ಹಿಂದೆ ಮುಂದೆ ಸರಿಯುತ್ತಿದ್ದಳು. ಫೋಟೋ ತಲೆಕೆಳಗಾಗುವುದಿಲ್ಲವೇ ಎಂದು ಕೇಳಿದೆ. "ಫಿಲ್ಮಿಗೆ ಮ್ಯಾಲಿಲ್ಲ, ಕೆಳಗಿಲ್ಲ. ತಿರುವಿ ನೋಡಿದ್ರ ಆತು," ಎಂದಳು.

ಶ್ರೀನುವಿನ ಮಗಳ ಮದುವೆ ಮಂಗಳಗಿರಿಯಲ್ಲಾಯಿತು. ಬೀಗರ ಮುಂದೆ ಇದೆಲ್ಲ ಬೇಡಮ್ಮ ಎಂದು ಅವನು ಮೊದಲೇ ಅಂಗಲಾಚಿದ್ದ. ಅತ್ತೆ ಸರಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ತಾಳಿ ಕಟ್ಟಿದ ಮೇಲೆ ಕೈಚೀಲದಿಂದ ಕ್ಯಾಮೆರಾ ಹೊರಬಂತು. ತಲೆಕೆಳಗಾಗಿ ಹಿಡಿದಿದ್ದೀರೆಂದು ಹೇಳಲು ಮದುವೆಯ ಫೋಟೋಗ್ರಾಫರ್ ಓಡಿಬಂದ. "ಅಮ್ಮಾ, ಕೆಮೆರಾ ತಲಕಿಂದುಲುಗಾ ಪಟ್ಟುಕುನ್ನಾರಂಡಿ!"

"ನಾಕು ತೆಲುಸು," ಎಂದಳು ಅತ್ತೆ. ನನಗೆ ಗೊತ್ತು, ಅಷ್ಟೇ. ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

ಬೀಗರ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಶ್ರೀನು ಬಗ್ಗಿ ಅವಳ ಕಿವಿಯಲ್ಲಿ, "ಅಮ್ಮಾ, ಎಲ್ಲಾ ನಗ್ತಾ ಇದ್ದಾರೆ," ಎಂದ.

"ನಗಲಿ ಬಿಡೋ. ನಗೋ ಮಾರೀನ ಫೋಟೋಕ್ಕ ಛಲೋ. ನೀನೂ ಹೋಗಿ ಅಲ್ಲಿ ನಿಂದರು."

ನಿಂತ. ನಿಂತವನಿಗೂ ನಗು ತಡೆಯಲಿಲ್ಲ. ಅತ್ತೆ ಒತ್ತಿದಳು.

ಫೋಟೋಗ್ರಾಫರನ ದಪ್ಪ ಆಲ್ಬಮಿನಲ್ಲಿ ಎಲ್ಲರೂ ಬ್ಯಾಂಕಿನ ಸಾಲಿನಲ್ಲಿ ನಿಂತವರ ಹಾಗಿದ್ದಾರೆ. ಅತ್ತೆಯ ರೀಲು ತೊಳೆಸಿ ಬಂದಾಗ ಅದರಲ್ಲಿದ್ದ ಮದುವೆಯೇ ಬೇರೆ. ಬೀಗಿತ್ತಿ ಬಾಯಿಗೆ ಸೆರಗು ಹಿಡಿದಿದ್ದಾಳೆ, ಶ್ರೀನು ಕಣ್ಣು ಮುಚ್ಚಿ ನಗುತ್ತಿದ್ದಾನೆ. ಕೊನೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು ಆ ಫೋಟೋವನ್ನೇ, ಬೀಗರ ಮನೆಯಲ್ಲೂ. ನಕ್ಕವರಿಗೆ ಅವಳು ಕೊಟ್ಟ ಉತ್ತರ ಅದು. ನನಗೆ ಇವತ್ತಿಗೂ ಹೆಮ್ಮೆ.

ಕೊನೆಯ ಸಲ ಕಂಡಾಗ ಅವಳು ಹಾಸಿಗೆ ಹಿಡಿದಿದ್ದಳು. ಕ್ಯಾಮೆರಾ ಎದೆಯ ಮೇಲಿತ್ತು. ಅದರ ತಳದ ಮೂಲೆಯನ್ನು ನನಗೆ ತೋರಿಸಿದಳು. ಸಾಮಾನ್ಯವಾಗಿ ಯಾರ ಬೆರಳೂ ತಾಗದ ಜಾಗ ಅದು. ಅವಳ ಎಡಗೈಯ ತೋರುಬೆರಳು ಕೂತು ಕೂತು ಅಲ್ಲೂ ಬಣ್ಣ ಹೋಗಿ ಹಿತ್ತಾಳೆ ಇಣುಕಿತ್ತು.

"ಈ ಕೈಗೂ ಬಗ್ಗಿತು ನೋಡವಾ," ಎಂದಳು.

ಅವಳು ಹೋದ ಮೇಲೆ ಕ್ಯಾಮೆರಾ ಮತ್ತೆ ಶೋಕೇಸು ಸೇರಿತು, ಎಲ್ಲರ ಕ್ಯಾಮೆರಾದ ಹಾಗೆ ನೆಟ್ಟಗೆ. ನಾನು ಹೋದಾಗಲೆಲ್ಲ ಬೀಗ ತೆಗೆದು ಅದನ್ನು ಉಲ್ಟಾ ಮಾಡಿ ಬರುತ್ತಿದ್ದೆ. ಗೂನಿನ ಮೇಲೆ ನಿಲ್ಲಲಾರದೆ ಅದು ವಾಲುತ್ತಿತ್ತು. ಮುಂದಿನ ಸಲ ಹೋಗುವಷ್ಟರಲ್ಲಿ ಶ್ರೀನು ನೆಟ್ಟಗೆ ಮಾಡಿರುತ್ತಿದ್ದ.

ಮೊನ್ನೆ ಹೋದಾಗ ಅದು ಆಗಲೇ ಉಲ್ಟಾ ಇತ್ತು. ವಾಲದಂತೆ ಅದರ ಕೆಳಗೆ ಮಂಗಳಗಿರಿ ಸೀರೆಯ ತುಂಡೊಂದನ್ನು ಮಡಚಿ ಇಟ್ಟಿದ್ದರು. ಗಾಜಿನ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ. ಜೊತೆಗೆ ಬಂದಿದ್ದ ನೆಂಟರೊಬ್ಬರು, "ಅಯ್ಯೋ, ಕೆಮೆರಾ ತಲಕಿಂದುಲುಗಾ ಉಂದಿ," ಎಂದು ಸರಿಮಾಡಲು ಕೈ ಚಾಚಿದರು.

ಶ್ರೀನು ಆ ಕೈ ಹಿಡಿದು ನಿಲ್ಲಿಸಿದ.

"ನಾಕು ತೆಲುಸು," ಎಂದ.