ಗಂಗುಲಪ್ಪನ ಕಾಲು ಕಾಯುವ ಬಚ್ಚಮ್ಮ

ಕೋಲಾರದ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ತಾಗಿದೆ. ಊರ ಹೊರಗಿನ ಕ್ರೈಸ್ತರ ಸಮಾಧಿ ಜಾಗದಲ್ಲಿ ಇನ್ನೂ ನಸುಕು. ಸೊಂಟದಷ್ಟು ಆಳದ ಗುಂಡಿಯಲ್ಲಿ ನಿಂತು ಬಚ್ಚಮ್ಮ ಹಾರೆ ಹಾಕುತ್ತಿದ್ದಾಳೆ. ಎರಡಡಿ ಇಳಿದರೆ ಸಾಕು, ಇಲ್ಲಿ ಬರೀ ಗರಸು, ಗಟ್ಟಿ ಕಲ್ಲುಮಣ್ಣು. ಹಾರೆ ಕಿಡಿ ಹಾರಿಸುತ್ತದೆ. ನಿನ್ನೆ ತೀರಿಕೊಂಡ ಮುದುಕಿಯೊಬ್ಬಳನ್ನು ಹತ್ತು ಗಂಟೆಗೆ ತರುತ್ತಾರೆ. ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಲೋಕದ ಕೊನೆಯ ದಿನ ದೇವದೂತರು ಕಡೇ ತುತ್ತೂರಿ ಊದಿದಾಗ ಸಮಾಧಿಯಿಂದ ಎದ್ದು ಕೂತವರ ಮುಖಕ್ಕೆ ಬೆಳಕು ಎದುರಾಗಬೇಕು.

ಅಷ್ಟರಲ್ಲಿ ಗೇಟಿನ ಕಡೆ ಊರುಗೋಲಿನ ಸದ್ದಾಗುತ್ತದೆ. ಬಚ್ಚಮ್ಮ ತಲೆ ಎತ್ತುವುದಿಲ್ಲ. “ಬಂದ ನೋಡಿ, ಕಾಲಿನ ಯಜಮಾನ” ಎಂದು ಗುಂಡಿಯೊಳಗಿಂದಲೇ ಗೊಣಗುತ್ತಾಳೆ.

ಬಂದವನು ವೇಮಗಲ್ ಕಡೆಯ ಗಂಗುಲಪ್ಪ. ಅವನು ಬದುಕಿದ್ದಾನೆ, ಅವನ ಎಡಗಾಲು ಮಾತ್ರ ಇಲ್ಲಿ ಹೂತಿದೆ. ಐದು ವರ್ಷದ ಹಿಂದೆ, ೧೯೩೮ರಲ್ಲಿ, ಬಂಡೆ ಒಡೆಯುವಾಗ ಗುಂಡುಕಲ್ಲು ಉರುಳಿ ಕಾಲು ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದ ಕೂಡಲೇ ಅವನು ಕೇಳಿದ ಮೊದಲ ಮಾತು, ಕಾಲೆಲ್ಲಿ ಎಂದು. ಸತ್ತವರು ದೇಹ ಸಮೇತ ಏಳುತ್ತಾರೆಂದು ಪಾದ್ರಿಗಳ ಗುಡಿಯಲ್ಲಿ ಕೇಳಿದ್ದವನು, ಕಾಲನ್ನು ಎಲ್ಲೋ ಎಸೆದರೆ ಆ ದಿನ ತಾನು ಕುಂಟುತ್ತ ಹುಡುಕಬೇಕೆಂದು ಹಟ ಹಿಡಿದ. ಮನುಷ್ಯನನ್ನು ಮಣ್ಣಿಂದ ಮಾಡಿದ ದೇವರಿಗೆ ಮಣ್ಣಿಂದ ಎಬ್ಬಿಸುವುದು ಕಷ್ಟವಲ್ಲವೆಂದು ಪಾದ್ರಿಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರೇ ಸೋತು ಬಚ್ಚಮ್ಮನಿಗೆ ಹೇಳಿಕಳಿಸಿದರು.

ಅವಳೂ ಹೂತಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ಬೆರಳು ಮೂಡಣಕ್ಕೆ ಮಾಡಿ, ಪಕ್ಕದಲ್ಲಿ ಗಂಗುಲಪ್ಪನಿಗೆಂದು ಆರಡಿ ಜಾಗ ಬಿಟ್ಟಳು. ಮಾಡಿದ್ದೇ ತಪ್ಪಾಯಿತು ಎನ್ನುತ್ತಾಳೆ ಈಗ. ಸುದ್ದಿ ಹಬ್ಬಿ ಮಾಲೂರಿನಿಂದ ಒಬ್ಬ ಕಬ್ಬಿನ ಗಾಣಕ್ಕೆ ಸಿಕ್ಕ ಎರಡು ಬೆರಳು ತಂದ. ಮುಳಬಾಗಿಲಿನ ಮುದುಕಿ ಉದುರಿದ ಹಲ್ಲುಗಳನ್ನು ಎಲೆಯಡಿಕೆ ಚೀಲದಲ್ಲಿ ಕಟ್ಟಿ ತಂದಳು. ಬೇಲಿ ಮೂಲೆಯಲ್ಲಿ ಇಂಥವು ಹನ್ನೊಂದಿವೆ. ಯಾವುದು ಯಾರದೆಂದು ಬರೆದಿಟ್ಟಿಲ್ಲ, ಬಚ್ಚಮ್ಮನಿಗೆ ಓದು ಬರಹ ಬರುವುದಿಲ್ಲ. ಎಲ್ಲ ಬಾಯಿಪಾಠ.

“ಸತ್ತೋರು ಪಾಪ ಸುಮ್ನಿರ್ತಾರೆ. ಈ ಬದುಕಿರೋರ್ದೇ ಕಾಟ ಕಣಪ್ಪ ನಂಗೆ.”

ಬಚ್ಚಮ್ಮನಿಗೆ ಈಗ ಐವತ್ತೆರಡು. ದೀಕ್ಷಾಸ್ನಾನದಲ್ಲಿ ಮಾರ್ತ ಎಂಬ ಹೆಸರಿಟ್ಟರಾದರೂ ಆ ಹೆಸರು ಗುಡಿಯ ಪುಸ್ತಕ ಬಿಟ್ಟು ಆಚೆ ಬಂದಿಲ್ಲ. ಗಂಡ ಎಲ್ಲಪ್ಪ ಇಲ್ಲೇ ಗುಂಡಿ ತೋಡುತ್ತಿದ್ದ. ೧೯೩೧ರಲ್ಲಿ ಅವನು ಸತ್ತ ದಿನ ತೋಡಲು ಯಾರೂ ಸಿಗದೆ ಇವಳೇ ಹಾರೆ ಹಿಡಿದಳು. ಹೆಂಗಸು ಈ ಕೆಲಸ ಮಾಡಬಹುದೇ ಎಂದು ಹಿರಿಯರು ಎರಡು ಸಲ ಸಭೆ ಸೇರಿದರು. ಅವರು ಮಾತಾಡಿ ಮುಗಿಸುವಷ್ಟರಲ್ಲಿ ಬಚ್ಚಮ್ಮ ಇನ್ನೂ ನಾಲ್ಕು ಗುಂಡಿ ತೋಡಿದ್ದಳು. ಈ ಹನ್ನೆರಡು ವರ್ಷದಲ್ಲಿ ಮುನ್ನೂರು ದಾಟಿವೆ. ಮಳೆಗಾಲದಲ್ಲಿ ಅರ್ಧ ದಿನಕ್ಕೆ ಒಂದು, ಬೇಸಿಗೆಯಲ್ಲಿ ಒಂದೂವರೆ ದಿನ.

ಗಂಗುಲಪ್ಪ ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ. ಕಾಲು ಹೂತ ಮರುವರ್ಷ ಹೊಸ ತಕರಾರು ತೆಗೆದ. ಇಲ್ಲದ ಕಾಲು ನೋಯುತ್ತದೆಯಂತೆ. ಕಿರುಬೆರಳು ಮಡಿಚಿಕೊಂಡಿದೆ, ನೀನು ಸೊಟ್ಟಗೆ ಹೂತಿದ್ದೀಯ, ಅಗೆದು ನೋಡು ಎಂದು ಮೂರು ವಾರ ಪೀಡಿಸಿದ. ಬೇಸತ್ತು ಬಚ್ಚಮ್ಮ ಒಂದು ಬೆಳಗ್ಗೆ ಅಗೆದಳು. ಬಟ್ಟೆ ಕೊಳೆತು ಮೂಳೆ ಉಳಿದಿತ್ತು. ಕಿರುಬೆರಳಿನ ಮೂಳೆ ನಿಜವಾಗಿಯೂ ಪಕ್ಕದ ಬೆರಳಿನ ಮೇಲೆ ಕೂತಿತ್ತು. ಮಣ್ಣು ಕುಸಿದು ಹಾಗಾಯಿತೋ ಏನೋ, ಅವಳು ಒಂದೊಂದನ್ನೇ ನೆಟ್ಟಗಿಟ್ಟು, ಹೊಸ ಬಟ್ಟೆ ಹೊದಿಸಿ ಮುಚ್ಚಿದಳು.

ಎರಡು ವಾರ ಗಂಗುಲಪ್ಪ ಹಾಯಾಗಿದ್ದ. ಮೂರನೇ ಭಾನುವಾರ ಬಂದು, ಬಚ್ಚಕ್ಕ, ಈಗ ಹಿಮ್ಮಡಿ ಕಡೀತೈತೆ ಎಂದ.

ಅವತ್ತು ಅವಳ ತಾಳ್ಮೆ ಕಿತ್ತುಹೋಯಿತು. ಗುದ್ದಲಿ ನೆಲಕ್ಕೆಸೆದು ಅವನೆದುರು ಕೂತಳು. ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು.

ಅವಳಿಗೊಬ್ಬಳೇ ಮಗಳು, ಸುಗುಣಮ್ಮ. ಶ್ರೀನಿವಾಸಪುರದ ಕಡೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿತು. ಅಲ್ಲಿ ಸತ್ತವರನ್ನೆಲ್ಲ, ಸುಗುಣಮ್ಮನನ್ನೂ ಸೇರಿಸಿ, ಒಂದೇ ಕಡೆ ಸುಟ್ಟು ಬೂದಿಯನ್ನು ಕೆರೆಗೆ ಹಾಕಿದರು. ಸುದ್ದಿ ತಿಳಿದು ಬಚ್ಚಮ್ಮ ನಡೆದು ಹೋಗುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಕರಿ ನೆಲ ಬಿಟ್ಟರೆ ಅಲ್ಲೇನೂ ಇರಲಿಲ್ಲ. ಊರವರಿಗೆಲ್ಲ ಅಳತೆ ನೋಡಿ ತೋಡುವ ಕೈಗೆ ತನ್ನ ಮಗಳಿಗೆ ಒಂದು ಬೊಗಸೆ ಮಣ್ಣು ಹಾಕಲು ಸಿಗಲಿಲ್ಲ.

“ನಿನ್ ಬೆರಳು ನೆಟ್ಟಗಿದ್ರೇನೇ ದೇವ್ರು ಎಬ್ಬಿಸೋದಾದ್ರೆ, ನನ್ ಮಗೀನ ಎಲ್ಲಿಂದ ಎಬ್ಬಿಸ್ತಾನೆ ಹೇಳು?” ಎಂದು ಕೇಳಿದಳು.

ಗಂಗುಲಪ್ಪ ಊರುಗೋಲು ಹಿಡಿದು ಎದ್ದು ಹೋದವನು ನಾಲ್ಕು ಭಾನುವಾರ ಬರಲಿಲ್ಲ. ಕಾಟ ತಪ್ಪಿತೆಂದುಕೊಂಡ ಬಚ್ಚಮ್ಮ ಐದನೆಯ ವಾರ ಗೇಟಿನ ಕಡೆಗೇ ನೋಡುತ್ತಿದ್ದಳು. ಅವನು ಬಂದ. ಹಿಮ್ಮಡಿ ಈಗಲೂ ಕಡಿಯುತ್ತದೆ ಎಂದ. “ಅಗೀಬೇಡ ಬಚ್ಚಕ್ಕ. ಹೇಳ್ದೆ, ಅಷ್ಟೆ.” ಅಲ್ಲಿಂದ ಈಚೆಗೆ ಹಾಗೇ ನಡೆದಿದೆ. ಅವನು ಬಂದು ಕಡಿತದ ವರದಿ ಒಪ್ಪಿಸುತ್ತಾನೆ, ಅವಳು ಬೈಯುತ್ತಾಳೆ, ಅವನು ಬೇಲಿಯ ಮುಳ್ಳು ಸವರಿ ಕೊಟ್ಟು ಹೋಗುತ್ತಾನೆ.

ಗುಂಡಿ ಒಂದಾಳುದ್ದ ಆಗಿದೆ. ಬಚ್ಚಮ್ಮ ಮೇಲೆ ಹತ್ತಿ ಬಂದು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾಳೆ. ಮಾತಾಡಿಸಲು ಬಂದವರು ನಿಮಗೇನು ಬೇಕಮ್ಮ ಎಂದು ಕೇಳಿದರೆ ರೇಗುತ್ತಾಳೆ. ಹೊಸ ಹಾರೆಯೂ ಬೇಡವಂತೆ, ಸೀರೆಯೂ ಬೇಡವಂತೆ. ಹಾರೆಗೆ ಮೆತ್ತಿದ ಮಣ್ಣು ಕೆರೆಯುತ್ತ ತಾನಾಗಿಯೇ ಹೇಳುತ್ತಾಳೆ:

“ಎಲ್ರೂ ಏಳೋ ದಿನ ನನ್ ಕಾಲೆಲ್ಲಿ, ನನ್ ಹಲ್ಲೆಲ್ಲಿ ಅಂತ ಇವ್ರೆಲ್ಲ ನನ್ನೇ ಬಂದು ಕೇಳ್ತಾರೆ. ಎಲ್ಲಾ ಅಲ್ಲೇ ಐತೆ, ಅವರವರೇ ತಗೊಳ್ಲಿ. ಪಾದ್ರಿ ಅಯ್ಯನೋರಿಗೆ ಈಗ್ಲೇ ಹೇಳಿಟ್ಟಿದೀನಿ, ಅವತ್ತೊಂದಿನ ನಾನು ಕೆಲ್ಸಕ್ಕಿಲ್ಲ. ಶ್ರೀನಿವಾಸಪುರದ ಕೆರೆ ಹತ್ರ ಹೋಗಿರ್ಬೇಕು. ಆ ಮಗೀಗೆ ಇಲ್ಲಿಗೆ ಬರೋ ದಾರಿ ಗೊತ್ತಿಲ್ಲ.”