ಕುದಿಸಿ ಆರಿಸಿದ ನೀರು

ಮೂರನೇ ಕೀಮೋ ಮುಗಿಸಿಕೊಂಡು ಭದ್ರಾವತಿಗೆ ಮರಳಿದ ವಾರ ನಮ್ಮ ಯಜಮಾನರಿಗೆ ಭೇದಿ ಶುರುವಾಯಿತು. ಔಷಧಿಯ ಕಾಟ ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡ. ಬಚ್ಚಲಿನಿಂದ ಮಂಚದವರೆಗೂ ನಡೆಯಲಾರದೆ ಗೋಡೆ ಹಿಡಿದು ಕುಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿದರು. "ಕೌಂಟ್ ತುಂಬಾ ಇಳಿದಿದೆ. ಇಂಥ ಟೈಮಲ್ಲಿ ಸಣ್ಣ ಇನ್ಫೆಕ್ಷನ್ನೂ ದೊಡ್ಡದಾಗುತ್ತೆ. ಯಾವ ನೀರು ಕೊಡ್ತಿದ್ರಿ?"

"ಕುದಿಸಿ ಆರಿಸಿದ್ದೇ ಸರ್," ಎಂದೆ. ಹಾಗೆನ್ನುವಾಗಲೇ ನೆನಪಾಯಿತು. ಕುದಿಸಿದ ನೀರು ಸಪ್ಪೆ ಎಂದು ಇವರು ಗೊಣಗಿದ್ದಕ್ಕೆ ಮೊನ್ನೆ ಅತ್ತೆ, ನ್ಯೂ ಟೌನಿನ ನಮ್ಮ ಬೀದಿಯ ನಲ್ಲಿಯಿಂದ ಒಂದು ಚೊಂಬು ಹಿಡಿದು ತಂದು ಮಗನಿಗೆ ಕುಡಿಸಿದ್ದರು.

ಅತ್ತೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸುತ್ತ ಜನರಿದ್ದಾರೆಂಬ ಎಚ್ಚರವೂ ಇಲ್ಲದೆ ಕೂಗಾಡಿದೆ.

"ಬೇಡ ಬೇಡ ಅಂದ್ರೂ ನಲ್ಲಿ ನೀರು ಕುಡಿಸಿದ್ರಲ್ಲ ಅತ್ತೆ! ನಿಮ್ ಮಗನ್ನ ನೀವೇ ಕೊಲ್ತಿದ್ದೀರಿ."



ಆಮೇಲೆ ಅತ್ತೆ ವಾರ್ಡಿನೊಳಗೆ ಕಾಲಿಡಲೇ ಇಲ್ಲ. ಮಗನ ಕೈಗೆ ಡ್ರಿಪ್ ಇಳಿಯುವುದನ್ನು ಬಾಗಿಲ ಗಾಜಿನಿಂದಲೇ ನೋಡುತ್ತಿದ್ದರು.

ನೀರು ಟೆಸ್ಟ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಲ್ಯಾಬಿನವರು ಕೊಟ್ಟ ಬಾಟಲಿಗಳಲ್ಲಿ ಬೀದಿ ನಲ್ಲಿಯ ನೀರನ್ನೂ ಮನೆಯ ಸ್ಟೀಲ್ ಕೊಳಗದಲ್ಲಿ ಆರಿಸಿಟ್ಟ ನೀರನ್ನೂ ತುಂಬಿಸಿ ಕೊಟ್ಟೆ. ನಿಜ ಹೇಳಬೇಕೆಂದರೆ, ನಲ್ಲಿ ನೀರಿನ ರಿಪೋರ್ಟನ್ನು ಅತ್ತೆಯ ಮುಂದೆ ಹಿಡಿಯಬೇಕೆಂಬ ಹಟವಿತ್ತು ನನಗೆ.

ನಲ್ಲಿ ನೀರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಇರಲಿಲ್ಲ.

ಕೊಳಗದ ನೀರಿನಲ್ಲಿತ್ತು. ಅದು ಕಂಡರೆ ನೀರಿಗೆ ಕೊಳೆ, ಮಲ ಏನೋ ತಗುಲಿರಬಹುದು ಎಂದರ್ಥವಂತೆ. "ಕುದಿಸಿದ ಮೇಲೆ ಚೊಂಬು ಅದ್ದಿ ತೆಗೀತೀರಾ ಮೇಡಂ?" ಎಂದು ಲ್ಯಾಬಿನಾಕೆ ಕೇಳಿದರು. ಹೌದು. ಬಚ್ಚಲು ತೊಳೆದು, ವಾಂತಿಯಾದ ಬಟ್ಟೆ ಹಿಂಡಿ, ಅವಸರದಲ್ಲಿ ಸೆರಗಿಗೆ ಕೈ ಒರೆಸಿಕೊಂಡು ಅದೇ ಕೊಳಗಕ್ಕೆ ಚೊಂಬು ಅದ್ದಿದ್ದೆ.

"ಇದರಿಂದ್ಲೇ ಆಯ್ತು ಅಂತ ಹೇಳಕ್ಕಾಗಲ್ಲಮ್ಮ. ಕೌಂಟ್ ಇಳಿದಾಗ ಅವರ ಕರುಳಲ್ಲೇ ಇರೋ ಕ್ರಿಮಿಯಿಂದ್ಲೂ ಇನ್ಫೆಕ್ಷನ್ ಬಂದಿರಬಹುದು," ಎಂದರು ಡಾಕ್ಟರು. ಆ ಮಾತು ಹಿಡಿದುಕೊಂಡು ನಾನು ಹಗುರಾಗಬಹುದಿತ್ತು. ಆದರೆ ಅಂಥದೊಂದು 'ಇರಬಹುದು' ಎಂಬ ಮಾತನ್ನು ನಾನು ಅತ್ತೆಗೆ ಕೊಟ್ಟಿರಲಿಲ್ಲ.

ಬೆಂಚಿನ ಮೇಲೆ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅತ್ತೆ ಮುಖ ಒರೆಸಿಕೊಂಡರು.

"ನೀನೇನು ಬೇಕಂತ ಮಾಡಿದ್ಯೇನೇ ಮಾರಾಯ್ತಿ? ಬಿಡು. ಆದ್ರೆ ನಾನು ನಂಬಿಬಿಟ್ಟಿದ್ದೆ ಕಣೇ. ನಾನೇ ಕೊಂದೆ ಅಂತ."

ಜ್ವರ ಇಳಿಯಿತು. ಇವರು ಮನೆಗೆ ಬಂದರು. ಕೀಮೋ ಇನ್ನೂ ಬಾಕಿ ಇದೆ, ಭಯವೂ ಇದೆ. ಕೊಳಗ ಹೋಗಿ ಈಗ ನಲ್ಲಿ ಇರುವ ಮುಚ್ಚಿದ ಡ್ರಮ್ ಬಂದಿದೆ. ಆದರೂ ಮಗ ನೀರು ಕೇಳಿದರೆ ಅತ್ತೆ ಏಳುವುದಿಲ್ಲ. "ನೀನೇ ಕೊಡೇ," ಎನ್ನುತ್ತಾರೆ, ನನ್ನ ಮುಖ ನೋಡದೆ.

ನಿನ್ನೆ ಇವರು "ಅಮ್ಮಾ, ನೀರು" ಎಂದರು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ನಾನು ಕೇಳಿಸಿದರೂ ಬೇಕೆಂದೇ ಒಳಗೆ ಹೋಗಲಿಲ್ಲ. ಇವರು ಮತ್ತೆ ಕರೆದರು. ಅತ್ತೆ ಎದ್ದು ಕೈ ತೊಳೆಯುವ ಸದ್ದು ಕೇಳಿಸಿತು. ತುಂಬಾ ಹೊತ್ತು ತೊಳೆದರು. ಆಮೇಲೆ ಲೋಟಕ್ಕೆ ನೀರು ಬೀಳತೊಡಗಿತು.